ಚೆಲುವಿನ ಚಿಪ್ಪು, ಕಡುವಿಷದ ಜೀವಿ

ಕಡಲನ್ನು ಕಡೆದಾಗ ಹಾಲಾಹಲವೂ ಅಮೃತವೂ ಉದಿಸಿದವೆಂದು ಪುರಾಣ ಹೇಳುತ್ತದೆ. ಉಷ್ಣವಲಯದ ಸಮುದ್ರಗಳ ಒಂದು ಪುಟ್ಟ ಜೀವಿಯಲ್ಲಿ ಇವೆರಡೂ ಒಂದೆಡೆ ಇವೆ. ಶಂಕುವಿನ ಆಕಾರದ, ಚಿತ್ತಾರದ ಚಿಪ್ಪುಳ್ಳ ಆ ಬಸವನಹುಳುವಿನ ಶಾಸ್ತ್ರೀಯ ನಾಮ 'ಕೋನಸ್ ಮ್ಯಾಗಸ್'. 'ಮ್ಯಾಗಸ್' ಎಂದರೆ ಮಾಂತ್ರಿಕ.

ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಈ ಮಂದಗಾಮಿಯ ಆಹಾರ ಮೀನು. ಬೆನ್ನಟ್ಟಿ ಹಿಡಿಯುವ ಶಕ್ತಿ ಇದಕ್ಕಿಲ್ಲ. ಆದುದರಿಂದ ಸೊಂಡಿಲನ್ನು ಮೆಲ್ಲನೆ ಚಾಚಿ, ಈಟಿಯಂತಹ ಟೊಳ್ಳು ಹಲ್ಲಿನಿಂದ ವಿಷವನ್ನು ಚುಚ್ಚುತ್ತದೆ. ಕ್ಷಣಾರ್ಧದಲ್ಲಿ ಮೀನು ನಿಶ್ಚೇಷ್ಟಿತವಾಗುತ್ತದೆ.

ಫಿಲಿಪೀನ್ಸ್ ಮೂಲದ ವಿಜ್ಞಾನಿ ಬಾಲ್ಡೊಮೆರೊ ಒಲಿವೆರಾ ಮತ್ತು ಅವರ ಸಂಗಡಿಗರು ಈ ಕುಲದ ವಿಷವು ಹಲವಾರು ಪೆಪ್ಟೈಡುಗಳ ಮಿಶ್ರಣವೆಂದು ತೋರಿಸಿದರು. ಅವುಗಳಲ್ಲೊಂದು ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಡೆಯುತ್ತದೆ. ಅದರ ಕೃತಕ ರೂಪವಾದ 'ಜಿಕೊನೊಟೈಡ್' ಔಷಧಕ್ಕೆ 2004ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೇರಾವ ಚಿಕಿತ್ಸೆಗೂ ಬಗ್ಗದ ತೀವ್ರ ನೋವುಳ್ಳವರಿಗೆ ಇದನ್ನು ವೈದ್ಯರು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೇರಿಸುತ್ತಾರೆ. ಮಾರ್ಫಿನ್‌ನಂತೆ ಇದು ಚಟ ಹಿಡಿಸುವುದಿಲ್ಲ. ಆದರೆ ಮನಸ್ಸನ್ನು ಕದಡುವ ದುಷ್ಪರಿಣಾಮಗಳುಂಟು.

ಇದರ ದೊಡ್ಡ ಬಂಧುವಾದ 'ಕೋನಸ್ ಜಿಯೊಗ್ರಾಫಸ್' ಮನುಷ್ಯರ ಪ್ರಾಣವನ್ನೂ ತೆಗೆದಿದೆ. ಈ ವಿಷಕ್ಕೆ ಪ್ರತಿವಿಷವಿಲ್ಲ. ವಿಷದ ಪ್ರಭಾವ ಇಳಿಯುವವರೆಗೆ ಉಸಿರಾಟಕ್ಕೆ ಆಸರೆ ನೀಡುವುದೇ ಮುಖ್ಯ ಚಿಕಿತ್ಸೆ. ಲಕ್ಷದ್ವೀಪ, ಅಂಡಮಾನ್ ಹಾಗೂ ಮನ್ನಾರ್ ಕೊಲ್ಲಿಯಲ್ಲಿಯೂ ಶಂಕು ಬಸವನಹುಳುಗಳಿವೆ. ಅಲ್ಲಿಗೆ ಹೋದವರು ಚೆಲುವಿಗೆ ಮರುಳಾಗಿ ಜೀವವಿರುವ ಚಿಪ್ಪನ್ನು ಮುಟ್ಟಬಾರದು. ಚುಚ್ಚಿದಲ್ಲಿ, ಆ ಅಂಗವನ್ನು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಹವಳದ ದಿಬ್ಬಗಳು ನಾಶವಾದರೆ ಈ ಜೀವಿಗಳೊಂದಿಗೆ ಇನ್ನೂ ಅರಿಯದ ಔಷಧಗಳೂ ಇಲ್ಲವಾಗುತ್ತವೆ. ಅವುಗಳನ್ನು ಅವುಗಳ ನೆಲೆಯಲ್ಲಿಯೇ ಬಿಡುವುದು ಮನುಷ್ಯನಿಗೂ ಕ್ಷೇಮ.