ಹರಿಗೋಲು ಉಳಿಸುವುದೆಂದರೆ ಏನನ್ನು ಉಳಿಸುವುದು?

(ಝಳಕಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ ಹರಿಯುವ ಈ ಸೀಮೆಯ ಹಿರಿಯರಿಗೆ ಹರಿಗೋಲಿನ ಪರಿಚಯ ಬೇಕಿಲ್ಲ. ಸೇತುವೆಗಳು ಬರುವ ಮುಂಚೆ ಸಂತೆಗೆ ಹೋಗುವವರೂ ಬೀಗರ ಊರಿಗೆ ಹೊರಟವರೂ ಅಂಬಿಗರ ಹುಟ್ಟನ್ನೇ ನಂಬಿದ್ದರು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಇದೇ ದೋಣಿಯನ್ನು ಕಂಡ. ಬುಟ್ಟಿಯಂತೆ ದುಂಡು, ಹೊರಗೆ ತೊಗಲಿನ ಹೊದಿಕೆ, 15–20 ಜನ ಕೂಡಬಹುದು, ಆದರೆ ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ ಎಂದು ಬರೆದಿಟ್ಟ. ತಿರುಗುವುದು ಅವನಿಗೆ ದೋಷವಾಗಿ ಕಂಡಿರಬೇಕು. ತಳ ಚಪ್ಪಟೆಯಾದ್ದರಿಂದಲೇ ಅದು ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ, ಬಂಡೆಗೆ ತಾಗಿದರೆ ಒಡೆಯದೆ ಬಳುಕುತ್ತದೆ. ಮೀನುಗಾರನ ಸಣ್ಣ ಹರಿಗೋಲನ್ನಂತೂ ಒಬ್ಬನೇ ತಲೆಯ ಮೇಲೆ ಕವುಚಿಕೊಂಡು ಮನೆಗೆ ಒಯ್ಯಬಹುದು.

ಕಟ್ಟುವ ಕ್ರಮ ನೋಡಿ. ಬಿದಿರನ್ನು ಸೀಳಿ ದಬ್ಬೆ ಮಾಡಿ ನೆಲದ ಮೇಲೆಯೇ ಹೆಣೆಯುತ್ತಾರೆ. ನಡುವೆ ಕಲ್ಲು ಹೇರಿ, ತುದಿಗಳನ್ನು ಮೇಲಕ್ಕೆ ಬಾಗಿಸಿ, ಅಂಚನ್ನು ಬಿಗಿಯುತ್ತಾರೆ. ಅಳತೆಪಟ್ಟಿ ಇಲ್ಲ, ನಕ್ಷೆ ಇಲ್ಲ. ಯಾವ ದಬ್ಬೆ ಎಷ್ಟು ಬಾಗೀತು, ಎಲ್ಲಿ ಮುರಿದೀತು ಎಂಬುದು ಕೈಗೇ ಗೊತ್ತು.

ತೊಗಲು ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂದವು ಎಂದು ಕೆಲವರು ಕೊರಗುತ್ತಾರೆ. ನನಗೆ ಆ ಕೊರಗಿಲ್ಲ. ಹವಾಯಿ ದ್ವೀಪದವರು ತಮ್ಮ ಪೂರ್ವಿಕರ ಮಾದರಿಯಲ್ಲಿ 'ಹೋಕುಲೇಅ' ಎಂಬ ಜೋಡಿದೋಣಿ ಕಟ್ಟಿದಾಗ ಬಳಸಿದ್ದು ಪ್ಲೈವುಡ್ ಮತ್ತು ಫೈಬರ್‌ಗ್ಲಾಸ್. ಆದರೂ 1976ರಲ್ಲಿ ಅದು ಯಾವ ಉಪಕರಣವೂ ಇಲ್ಲದೆ ತಾಹಿಟಿಯನ್ನು ಮುಟ್ಟಿತು. ನಕ್ಷತ್ರ, ಅಲೆಗಳನ್ನು ನೋಡಿ ದಾರಿ ಹಿಡಿಯುವ ವಿದ್ಯೆ ಹವಾಯಿಯಲ್ಲಿ ಅಳಿದಿತ್ತು. ಅದಕ್ಕಾಗಿ ಮೈಕ್ರೊನೇಷ್ಯದ ಸತವಾಲ್ ದ್ವೀಪದಿಂದ ಮೌ ಪಿಯಾಯ್ಲುಗ್ ಎಂಬ ನಾವಿಕನನ್ನು ಕರೆಸಬೇಕಾಯಿತು. ದೋಣಿಯನ್ನು ಹೊಸದಾಗಿ ಕಟ್ಟಬಹುದಿತ್ತು, ನಾವಿಕನನ್ನು ಕಟ್ಟಲಾಗುತ್ತಿರಲಿಲ್ಲ.

ನಮ್ಮಲ್ಲಿ ಹೊದಿಕೆ ಬದಲಾದರೂ ಹೆಣಿಗೆ ಬದಲಾಗಿರಲಿಲ್ಲ. ಅಚ್ಚಿನಲ್ಲಿ ಎರಕವಾಗಿ ಬರುವ ಫೈಬರ್ ಹರಿಗೋಲಿನ ಮಾತೇ ಬೇರೆ. ಅದು ಸೋರುವುದಿಲ್ಲ, ಬಾಳಿಕೆಯೂ ಹೆಚ್ಚು. ಮೀನುಗಾರ ಅದನ್ನು ಕೊಂಡರೆ ತಪ್ಪೆನ್ನಲು ನಾನು ಯಾರು? ಆದರೆ ಅದಕ್ಕೆ ದಬ್ಬೆ ಸೀಳುವವನು ಬೇಡ.

ಹಳೆಯ ಹರಿಗೋಲೊಂದನ್ನು ತಂದು ವಸ್ತುಸಂಗ್ರಹಾಲಯದಲ್ಲಿ ತೂಗುಹಾಕಿದರೆ ಸಾಕೆನ್ನುವವರಿದ್ದಾರೆ. ಬಿದಿರು ಒಣಗಿ ಸಿಬಿರೇಳುತ್ತದೆ, ಅಷ್ಟೇ. ಹರಿಗೋಲು ಹಾಳಾಗುವುದು, ಮತ್ತೆ ಹೆಣೆಯುವುದು ಮೊದಲಿನಿಂದ ಬಂದ ರೂಢಿ. ಹೊಳೆದಂಡೆಯ ಶಾಲೆಗಳು ಬಲ್ಲ ಅಂಬಿಗರೊಬ್ಬರನ್ನು ಕರೆಸಿ, ತಕ್ಕ ಕೂಲಿ ಕೊಟ್ಟು, ಮಕ್ಕಳ ಎದುರಿಗೇ ಒಂದನ್ನು ಕಟ್ಟಿಸಲಿ. ಬಿದಿರು ಸೀಳುವಾಗ ಮಕ್ಕಳ ಕೈಯಲ್ಲೂ ಒಂದು ತುದಿ ಇರಲಿ.