ಶುಂಠಿ: ಅದರ ಗುಣ, ಅದರ ಮಿತಿ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಆರೋಗ್ಯದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ವೈದ್ಯನಲ್ಲ, ಮಿಲ್ಲಿನ ಕಚೇರಿಯಲ್ಲಿ ಹಾಜರಿ ಪುಸ್ತಕವನ್ನೂ ರಜೆ ಚೀಟಿಗಳನ್ನೂ ನೋಡುವ ಗುಮಾಸ್ತ. ಆದ್ದರಿಂದ ದೊಡ್ಡ ದೊಡ್ಡ ಔಷಧಗಳ ಗೊಡವೆಗೆ ಹೋಗದೆ, ನಮ್ಮಲ್ಲಿ ಯಾರ ಅಡಿಗೆಯ ಗೂಡಿನಲ್ಲಾದರೂ ಒಂದು ತುಂಡು ಸಿಕ್ಕುವಂಥ ಶುಂಠಿಯನ್ನು ಆರಿಸಿಕೊಂಡಿದ್ದೇನೆ. ಗುಮಾಸ್ತನಾದವನಿಗೆ ಜಮೆ ಖರ್ಚು ಎರಡನ್ನೂ ಬರೆಯದಿದ್ದರೆ ಸಮಾಧಾನವಿರುವುದಿಲ್ಲ. ಹಾಗೆಯೇ ಶುಂಠಿಯನ್ನು ಯಾವುದಕ್ಕೆ ನಂಬಬಹುದು, ಯಾವುದಕ್ಕೆ ನಂಬಬಾರದು ಎಂಬ ಎರಡು ಬದಿಯನ್ನೂ ತಮ್ಮ ಮುಂದೆ ಇಡುತ್ತೇನೆ.

ಮೊದಲು ಹೆಸರಿನ ತೊಡಕನ್ನು ಬಿಡಿಸೋಣ. ಮೈಸೂರು ಸೀಮೆಯವರು ಹಸಿ ಶುಂಠಿ, ಒಣ ಶುಂಠಿ ಎನ್ನುತ್ತಾರೆ. ಬೀದರ, ಕಲಬುರ್ಗಿ ಕಡೆಯ ನಾವು ಹಸಿಯದನ್ನು ಅಲ್ಲ ಎಂದೂ ಒಣಗಿದ್ದನ್ನು ಶುಂಠಿ ಎಂದೂ ಕರೆಯುತ್ತೇವೆ. ಇಲ್ಲಿನ ತೆಲುಗರಿಗೆ ಅದು ಅಲ್ಲಂ ಮತ್ತು ಶೊಂಠಿ. ಉರ್ದು ಆಡುವವರಿಗೆ ಅದ್ರಕ್ ಮತ್ತು ಸೋಂಠ್. ಹಾಸನದಿಂದ ಹೊಸದಾಗಿ ಬಂದ ಗೆಳೆಯರೊಬ್ಬರು ಸಂತೆಯಲ್ಲಿ “ಇದೇನು?” ಎಂದು ಕೇಳಿ, ನಮ್ಮವರು “ಅಲ್ಲ” ಎಂದಾಗ, “ಅಲ್ಲದಿದ್ದರೆ ಮತ್ತೇನು?” ಎಂದು ತಿರುಗಿ ಕೇಳಿದರೆ ಅವರ ತಪ್ಪೇನೂ ಇಲ್ಲ.

ಈ ಹೆಸರು ದೂರ ದೇಶಗಳನ್ನೂ ಸುತ್ತಿ ಬಂದಿದೆ. ತಮಿಳು ಮಲೆಯಾಳಗಳಲ್ಲಿ ಇದಕ್ಕೆ ಇಂಜಿ ಎನ್ನುತ್ತಾರೆ. ಅವರ ವೇರ್ ಎಂದರೆ ನಮ್ಮ ಬೇರು. ಈ ಇಂಜಿವೇರ್ ಎಂಬುದೇ ಸಂಸ್ಕೃತದಲ್ಲಿ ಶೃಂಗವೇರವಾಗಿ, ಗ್ರೀಕರಲ್ಲಿ ಜಿಂಜಿಬೆರಿಸ್ ಆಗಿ, ಇಂಗ್ಲಿಷರ ಬಾಯಲ್ಲಿ ಜಿಂಜರ್ ಆಯಿತೆಂದು ಭಾಷಾ ಪಂಡಿತರು ಹೇಳುತ್ತಾರೆ. ಅರಬ್ಬಿಯಲ್ಲಿ ಅದು ಜಂಜಬೀಲ್. ಕುರಾನಿನಲ್ಲಿ ಸ್ವರ್ಗದ ಪಾನೀಯವನ್ನು ವರ್ಣಿಸುವಾಗ ಈ ಹೆಸರು ಬರುತ್ತದೆ. 14ನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ, ಅಲ್ಲಿಯ ಸುಲ್ತಾನನ ಮನೆಯ ಊಟದಲ್ಲಿ ಅನ್ನದ ಜೊತೆಗೆ ಉಪ್ಪಿನಲ್ಲಿ ಹಾಕಿದ ಮೆಣಸು, ಹಸಿ ಶುಂಠಿ, ನಿಂಬೆ, ಮಾವು ಬಡಿಸಿದರೆಂದು ಬರೆದಿಟ್ಟಿದ್ದಾನೆ. ಅಂದಿನ ಎಲೆಯ ಉಪ್ಪಿನಕಾಯಿ ಇಂದಿನ ನಮ್ಮ ಎಲೆಯಲ್ಲೂ ಉಂಟು.

ಪಟಾನ್‌ಚೆರುವಿನಲ್ಲಿರುವ ನಮಗಂತೂ ಶುಂಠಿ ನೆರೆಯ ಊರಿನ ನೆಂಟ. ಇಲ್ಲಿಂದ ಸಂಗಾರೆಡ್ಡಿ ದಾಟಿ ಹೆದ್ದಾರಿಯಲ್ಲಿ ಹೊರಟರೆ ಜಹೀರಾಬಾದು, ಅದರಾಚೆ ಹುಮನಾಬಾದು. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಜಹೀರಾಬಾದು ಬೀದರ ಜಿಲ್ಲೆಗೇ ಸೇರಿತ್ತು. ಗಡಿ ಬದಲಾಯಿತು, ಮಣ್ಣು ಬದಲಾಗಲಿಲ್ಲ. ಎರಡೂ ಕಡೆಯ ಕೆಂಪು ನೆಲದಲ್ಲಿ ಇಂದಿಗೂ ಶುಂಠಿ ಬೆಳೆಯುತ್ತಾರೆ. ಕೆಲಸ ಹುಡುಕಿಕೊಂಡು ನಾವು ಬಂದ ದಾರಿಯಲ್ಲೇ ಅದೂ ಇಲ್ಲಿನ ಸಂತೆಗೆ ಬರುತ್ತದೆ.

ಇನ್ನು ಗುಣದ ಮಾತು. ನಮ್ಮ ಪೂರ್ವಿಕರು ಇದಕ್ಕೆ ವಿಶ್ವಭೇಷಜ, ಮಹೌಷಧ ಎಂದು ಹೆಸರಿಟ್ಟರು. ಶುಂಠಿ, ಮೆಣಸು, ಹಿಪ್ಪಲಿ ಮೂರೂ ಸೇರಿದರೆ ತ್ರಿಕಟು. ಶುಂಠಿಯಿಲ್ಲದ ಕಷಾಯವಿಲ್ಲ ಎಂಬ ಗಾದೆ ತೆಲುಗರಲ್ಲೂ ಉಂಟು. ರಾಮನವಮಿಯ ಪಾನಕಕ್ಕೆ ಶುಂಠಿ ಬೇಕು, ಬಾಣಂತಿಯ ಖಾರಕ್ಕೂ ಬೇಕು. ಹೀಗೆ ಹಿರಿಯರು ಅನುಭವದಿಂದ ಕಂಡುಕೊಂಡದ್ದನ್ನು ಈಚಿನ ವಿಜ್ಞಾನಿಗಳು ತೂಗಿ ಅಳೆದು ನೋಡಿದ್ದಾರೆ. ಅವರ ತಕ್ಕಡಿಯಲ್ಲಿ ಕೆಲವು ಮಾತು ನಿಂತಿವೆ, ಕೆಲವು ನಿಂತಿಲ್ಲ.

ಹಸಿ ಶುಂಠಿಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರೇ. ಅದರ ಖಾರಕ್ಕೆ ಕಾರಣವಾದ ಮುಖ್ಯ ವಸ್ತುವಿಗೆ ಜಿಂಜರಾಲ್ ಎಂದು ಹೆಸರು. ಒಣಗಿಸಿದಾಗ ಇದರಲ್ಲಿ ಒಂದಷ್ಟು ಶೋಗಾಲ್ ಎಂಬ ಇನ್ನೂ ತೀಕ್ಷ್ಣವಾದ ವಸ್ತುವಾಗಿ ಮಾರ್ಪಡುತ್ತದೆ. ಜಪಾನೀಯರು ಶುಂಠಿಗೆ ಶೋಗ ಎನ್ನುವುದರಿಂದ ಈ ಹೆಸರು ಬಂತು. ಬೇಯಿಸಿದಾಗ ಜಿಂಜರೋನ್ ಎಂಬ ಸೌಮ್ಯ ವಸ್ತುವೂ ಹುಟ್ಟುತ್ತದೆ. ಒಣ ಶುಂಠಿ ಗಂಟಲಿಗೆ ಚುರುಕ್ಕೆನ್ನುವುದಕ್ಕೂ, ಸಾರಿನಲ್ಲಿ ಕುದಿದ ಶುಂಠಿ ಮೆತ್ತಗಾಗುವುದಕ್ಕೂ ಕಾರಣ ಇದೇ. ಹಸಿಯದು ಬೇರೆ, ಒಣಗಿದ್ದು ಬೇರೆ ಎಂದು ನಮ್ಮ ಹಿರಿಯರು ಎರಡು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಈಗ ಜಮೆಯ ಬದಿ. ಶುಂಠಿಯ ಕೆಲಸ ಎಲ್ಲಕ್ಕಿಂತ ಚೆನ್ನಾಗಿ ರುಜುವಾತಾಗಿರುವುದು ಓಕರಿಕೆಯ ವಿಷಯದಲ್ಲಿ. ಬಸುರಿಯರಿಗೆ ಮೊದಲ ತಿಂಗಳುಗಳಲ್ಲಿ ಬರುವ ಓಕರಿಕೆಯ ಉಪಶಮನಕ್ಕೆ ಶುಂಠಿಯೂ ಒಂದು ಉಪಾಯವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರಡಿಸಿದ ಸಲಹೆಗಳಲ್ಲಿ ಸೇರಿಸಿದೆ. 1988ರಲ್ಲಿ ಡೆನ್ಮಾರ್ಕಿನಲ್ಲಿ, ಸಮುದ್ರ ಪ್ರಯಾಣದ ಅಭ್ಯಾಸವಿಲ್ಲದ 80 ಮಂದಿ ನೌಕಾ ವಿದ್ಯಾರ್ಥಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, 1 ಗ್ರಾಂ ಶುಂಠಿಪುಡಿ ತೆಗೆದುಕೊಂಡವರಿಗೆ ವಾಂತಿಯೂ ತಣ್ಣನೆಯ ಬೆವರೂ ಕಡಿಮೆಯಾದುವು. ಹಬ್ಬಕ್ಕೆ ಊರಿಗೆ ಹೊರಟು, ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಾಡುವವರು ಅಲ್ಲದ ಒಂದು ಸಣ್ಣ ಚೂರನ್ನು ಉಪ್ಪು ಹಚ್ಚಿ ದವಡೆಯಲ್ಲಿ ಇಟ್ಟುಕೊಂಡು ನೋಡಬಹುದು.

ಎರಡನೆಯದು ಜೀರ್ಣಶಕ್ತಿ. 2008ರಲ್ಲಿ ಪ್ರಕಟವಾದ ತೈವಾನಿನ ಒಂದು ಪರೀಕ್ಷೆಯಲ್ಲಿ 24 ಮಂದಿ ಆರೋಗ್ಯವಂತರು 1.2 ಗ್ರಾಂ ಶುಂಠಿ ತೆಗೆದುಕೊಂಡರು. ಶುಂಠಿಯಿಲ್ಲದ ದಿನ ಜಠರ ಅರ್ಧ ಬರಿದಾಗಲು ಸುಮಾರು 27 ನಿಮಿಷ ಹಿಡಿದರೆ, ಶುಂಠಿ ತೆಗೆದುಕೊಂಡ ದಿನ ಸುಮಾರು 13 ನಿಮಿಷ ಸಾಕಾಯಿತು. ರಾತ್ರಿ ಪಾಳಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ಉಂಡದ್ದು ಎದೆಯಲ್ಲೇ ನಿಂತಂತೆ ಆಗುವವರಿಗೆ ಇದು ಉಪಯೋಗದ ಮಾತು. ಅವರಿಗೆ ಮಜ್ಜಿಗೆಗೆ ಜಜ್ಜಿ ಹಾಕಿದ ಅಲ್ಲ, ಕರಿಬೇವು, ಚಿಟಿಕೆ ಉಪ್ಪು ಹಿತವಾಗುತ್ತದೆ.

ಮೂರನೆಯದು ಮುಟ್ಟಿನ ದಿನಗಳ ಹೊಟ್ಟೆನೋವು. ಇದನ್ನು ಸಭೆಯಲ್ಲಿ ಆಡಲು ಸಂಕೋಚಪಡಬೇಕಾದ್ದಿಲ್ಲ. ನಮ್ಮ ಅಕ್ಕತಂಗಿಯರೂ ದುಡಿಯುತ್ತಾರೆ. ಮೊದಲ ಮೂರು ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗ್ರಾಮಿನಿಂದ 2 ಗ್ರಾಂವರೆಗೆ ಶುಂಠಿಪುಡಿ ಸೇವಿಸಿದವರಿಗೆ ನೋವು ತಗ್ಗಿದ್ದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಸವೆದ ಮೊಣಕಾಲಿನ ನೋವಿಗೆ ಸಿಕ್ಕಿರುವ ಉಪಶಮನ ಮಾತ್ರ ಅಲ್ಪ. ನೆಗಡಿಗೆ ಮದ್ದು ಕೊಟ್ಟರೆ ಏಳು ದಿನ, ಕೊಡದಿದ್ದರೆ ಒಂದು ವಾರ ಎಂಬ ಮಾತು ತಮಗೆ ಗೊತ್ತೇ ಇದೆ. ಬಿಸಿ ಕಷಾಯ ಗಂಟಲಿಗೆ ಹಿತ ಕೊಡುತ್ತದೆ. ನೆಗಡಿ ತನ್ನ ಪಾಡಿಗೆ ಹೋಗುತ್ತದೆ.

ಅಳತೆ ಹೇಗೆ? ಒಣ ಶುಂಠಿಯ ಪುಡಿ ಅರ್ಧ ಚಹಾ ಚಮಚ ಎಂದರೆ ಸುಮಾರು 1 ಗ್ರಾಂ. ದಿನಕ್ಕೆ ಅಷ್ಟು ಸಾಕು. ಹಸಿಯದಾದರೆ ಹೆಬ್ಬೆರಳಿನ ತುದಿಯ ಗೆಣ್ಣಿನಷ್ಟು. ಅದನ್ನು ಜಜ್ಜಿ, ಒಂದೂವರೆ ಲೋಟ ನೀರಿಗೆ ಹಾಕಿ, ಅರ್ಧ ಚಮಚ ಜೀರಿಗೆ, ಒಂದು ಚಮಚ ಕೊತ್ತಂಬರಿ ಬೀಜ ಸೇರಿಸಿ, ಒಂದು ಲೋಟಕ್ಕೆ ಇಳಿಯುವಂತೆ ಕುದಿಸಿ, ಚೂರು ಬೆಲ್ಲದೊಂದಿಗೆ ಕುಡಿಯಬಹುದು. ಗಟ್ಟಿಯಾದಷ್ಟೂ ಗುಣ ಹೆಚ್ಚು ಎಂದು ಭಾವಿಸಬಾರದು. ಅತಿಯಾದರೆ ಎದೆಯುರಿ, ಹೊಟ್ಟೆಯುರಿ ತಪ್ಪದು.

ಕೊಳ್ಳುವಾಗಲೂ ಕಣ್ಣಿರಲಿ. ಮುರಿದರೆ ಕೂಡಲೇ ಘಮ್ಮೆನ್ನಬೇಕು. ಬೂಷ್ಟು ಹಿಡಿದದ್ದನ್ನು ಕೆತ್ತಿ ಬಳಸದೆ ಬಿಸಾಡಬೇಕು. ಮನೆಯಲ್ಲಿ ಒಣಗಿಸುವವರು 5 ಕಿಲೋ ಹಸಿಯದಕ್ಕೆ ಸುಮಾರು 1 ಕಿಲೋ ಒಣ ಶುಂಠಿ ಎಂದು ಲೆಕ್ಕ ಹಿಡಿಯಬಹುದು. ಅಂಗಡಿಯ ಒಣ ಶುಂಠಿಯ ಮೇಲಿನ ಬಿಳಿ ಲೇಪ ಹಲವೊಮ್ಮೆ ಸುಣ್ಣವಾಗಿರುತ್ತದೆ. ತೊಳೆದು ಒರಸಿ ಕುಟ್ಟಿಕೊಳ್ಳಿ. ಹೈದರಾಬಾದಿನಲ್ಲಿ ಈಚಿನ ವರ್ಷಗಳಲ್ಲಿ ಬಣ್ಣ, ಅಂಟು ಬೆರೆಸಿದ ಅಲ್ಲ ಬೆಳ್ಳುಳ್ಳಿ ಪೇಸ್ಟನ್ನು ಪೋಲೀಸರು ಪದೇ ಪದೇ ಹಿಡಿದಿದ್ದಾರೆ. ಕೋಣೆಯಲ್ಲಿ ನಾಲ್ಕು ಜನ ಕೂಡಿ ಅಡಿಗೆ ಮಾಡುವವರು ಭಾನುವಾರ ಒಂದಿಷ್ಟು ತಾವೇ ಅರೆದಿಟ್ಟುಕೊಂಡರೆ ಆ ಭಯವಿಲ್ಲ.

ಇಷ್ಟು ಜಮೆಯ ಬದಿ. ಇನ್ನೊಂದು ಬದಿಯನ್ನು ದಯವಿಟ್ಟು ಮನಸ್ಸಿಟ್ಟು ಕೇಳಬೇಕು.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮುಂತಾದ ಗುಳಿಗೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಹೊಟ್ಟೆಯ ಹುಣ್ಣಿನವರು ಶುಂಠಿಯನ್ನು ಔಷಧದ ಪ್ರಮಾಣದಲ್ಲಿ ತೆಗೆದುಕೊಳ್ಳುವ ಮೊದಲು ವೈದ್ಯರನ್ನು ಕೇಳಬೇಕು. ಬಸುರಿಯರೂ ಕೇಳಿಯೇ ತೆಗೆದುಕೊಳ್ಳುವುದು ಲೇಸು. ಸಾರಿಗೆ ಚಟ್ನಿಗೆ ಹಾಕುವಷ್ಟಕ್ಕೆ ಇವರಾರೂ ಹೆದರಬೇಕಾಗಿಲ್ಲ. ಕೆಮ್ಮುವ ಹಸುಗೂಸಿಗೆ ಶುಂಠಿ ರಸದಲ್ಲಿ ಜೇನು ಕಲಸಿ ನೆಕ್ಕಿಸುವ ರೂಢಿ ನಮ್ಮಲ್ಲಿದೆ. ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಅದರಿಂದ ಅಪರೂಪಕ್ಕಾದರೂ ಪ್ರಾಣಕ್ಕೇ ಅಪಾಯವಾಗುವ ವಿಷಬಾಧೆ ಬರಬಹುದು.

ಭೇದಿಯಾದಾಗ ಮೊದಲ ಮದ್ದು ಶುಂಠಿಯಲ್ಲ. ನೀರು, ಉಪ್ಪು, ಸಕ್ಕರೆ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಓಆರ್‌ಎಸ್ ಪೊಟ್ಟಣ ಸಿಕ್ಕಿದರೆ ಇನ್ನೂ ಒಳ್ಳೆಯದು.

ಕೆಮ್ಮಿನ ಮಾತು. ನಮ್ಮ ಪಾಳಿಯಲ್ಲೇ ಒಬ್ಬ ಅಣ್ಣನವರು ಎರಡು ತಿಂಗಳು ಕೆಮ್ಮುತ್ತಲೇ ಕೆಲಸಕ್ಕೆ ಬಂದರು. ಕೇಳಿದವರಿಗೆಲ್ಲ “ಅಲ್ಲದ ಚಹಾ ಕುಡೀತಿದ್ದೀನಿ, ಇಳೀತದ” ಎನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವರದು ಒಂದು ದಿನವೂ ತಪ್ಪಿರಲಿಲ್ಲ. ಮೈ ಮಾತ್ರ ಕರಗುತ್ತ ಬಂತು. ಕೊನೆಗೆ ಕಫ ಪರೀಕ್ಷೆ ಮಾಡಿಸಿದಾಗ ಕ್ಷಯವೆಂದು ತಿಳಿಯಿತು. ಆರು ತಿಂಗಳು ಔಷಧಿ ತಪ್ಪದೆ ತೆಗೆದುಕೊಂಡು ಈಗ ಗುಣವಾಗಿದ್ದಾರೆ. ಆದರೆ ಆ ಎರಡು ತಿಂಗಳು ಅದೇ ಕೋಣೆಯಲ್ಲಿ ಇನ್ನೂ ಐದು ಜನ ಮಲಗುತ್ತಿದ್ದರು ಎಂಬುದನ್ನು ಮರೆಯಬಾರದು. ಕೆಮ್ಮು ಎರಡು ವಾರ ದಾಟಿದರೆ, ಸಂಜೆಯ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಕಂಡರೆ, ಕಷಾಯದ ಪಾತ್ರೆಯನ್ನು ಕೆಳಗಿಟ್ಟು ಸರಕಾರಿ ದವಾಖಾನೆಗೆ ಹೋಗಬೇಕು. ಕ್ಷಯದ ಪರೀಕ್ಷೆಯೂ ಔಷಧವೂ ಅಲ್ಲಿ ಉಚಿತ.

ಇನ್ನೊಂದು, “ಗ್ಯಾಸು” ಎಂಬ ಮಾತು. ಎದೆಯ ನಡುವೆ ಒತ್ತಿ ಹಿಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಿದು, ಬೆವರು ಸುರಿದರೆ ಅದನ್ನು ಗ್ಯಾಸು ಎಂದು ತಿಳಿದು ಶುಂಠಿ ಸೋಡಾ ಕುಡಿದು ಮಲಗಬೇಡಿ. ಅದು ಹೃದಯದ ಕೂಗಾಗಿರಬಹುದು. ಅಲ್ಲಿ ನಿಮಿಷಗಳ ಲೆಕ್ಕ. 108ಕ್ಕೆ ಫೋನು ಮಾಡಬೇಕು.

2020ರ ಕೊರೋನಾ ದಿನಗಳು ನೆನಪಿರಬಹುದು. ಆಯುಷ್ ಸಚಿವಾಲಯದವರು ರೋಗ ತಡೆಯುವ ಶಕ್ತಿಗಾಗಿ ತುಳಸಿ, ದಾಲ್ಚಿನ್ನಿ, ಮೆಣಸು, ಶುಂಠಿ, ದ್ರಾಕ್ಷಿಯ ಕಷಾಯ ಕುಡಿಯಬಹುದೆಂದು ಸಲಹೆ ಕೊಟ್ಟರು. ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಅದು “ಕಷಾಯ ಕುಡಿದರೆ ಕೊರೋನಾ ಬರುವುದಿಲ್ಲ” ಎಂದಾಯಿತು. ವಿಶ್ವಭೇಷಜ ಎಂಬ ಹೆಸರನ್ನು ಅಕ್ಷರಶಃ ನಂಬಿದರೆ ಆಗುವ ತೊಂದರೆ ಇದೇ.

ದವಾಖಾನೆಗೆ ಹೋಗದಿರುವುದು ಮೂಢತನದಿಂದಲ್ಲ, ಒಂದು ದಿನದ ಕೂಲಿ ಹೋಗುತ್ತದೆಂಬ ಹೆದರಿಕೆಯಿಂದ ಎಂಬುದು ರಜೆ ಚೀಟಿ ನೋಡುವ ನನಗೆ ಗೊತ್ತು. ಆದರೆ ಇಎಸ್‌ಐ ಕಾರ್ಡು ಇರುವವರು, ಚಂದಾ ದಿನಗಳು ನಿಯಮದಂತೆ ತುಂಬಿದ್ದರೆ, ವೈದ್ಯರ ಸರ್ಟಿಫಿಕೇಟಿನ ಮೇಲೆ ಖಾಯಿಲೆಯ ದಿನಗಳಿಗೆ ಕೂಲಿಯ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನಗಳವರೆಗೆ ಹಣ ಪಡೆಯಲು ಹಕ್ಕುಳ್ಳವರು. ರಾಮಚಂದ್ರಾಪುರದಲ್ಲೂ ಸನತ್‌ನಗರದಲ್ಲೂ ಇಎಸ್‌ಐ ಆಸ್ಪತ್ರೆಗಳಿವೆ. ಅದು ದಾನವಲ್ಲ, ತಮ್ಮ ಸಂಬಳದಿಂದ ತಿಂಗಳು ತಿಂಗಳು ಮುರಿದುಕೊಂಡ ಹಣದ ಫಲ. ಅರ್ಜಿ ತುಂಬಲು ತಿಳಿಯದವರು ಸಂಜೆ ವಾಚನಾಲಯಕ್ಕೆ ಬಂದರೆ ನಾವು ಯಾರಾದರೊಬ್ಬರು ತುಂಬಿಕೊಡುತ್ತೇವೆ.

ಹಿತ್ತಲ ಗಿಡ ಮದ್ದಲ್ಲ ಎಂದು ತಾತ್ಸಾರ ಮಾಡುವುದೂ ತಪ್ಪು, ಹಿತ್ತಲ ಗಿಡವೊಂದೇ ಮದ್ದು ಎಂದು ಕೂರುವುದೂ ತಪ್ಪು. ಓಕರಿಕೆಗೆ, ಅಜೀರ್ಣಕ್ಕೆ, ಗಂಟಲ ಕೆರೆತಕ್ಕೆ ಶುಂಠಿ ನಂಬಿಕೆಯ ಗೆಳೆಯ. ಅದರಿಂದಾಚೆಗೆ ವೈದ್ಯರಿದ್ದಾರೆ. ಸಕ್ಕರೆ ಉಪ್ಪಿನ ಅಳತೆಯನ್ನೂ, ಕೆಮ್ಮಿನ ಎರಡು ವಾರದ ಮಾತನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಪತ್ರಿಕೆಗಳ ಮೇಜಿನ ಮೇಲಿನ ಗೋಡೆಗೆ ಅಂಟಿಸಲಾಗಿದೆ. ಓದು ಬಾರದ ಗೆಳೆಯರಿಗೆ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.