ಎದೆಗೂಡಿನ ನೋವು: ಭಯ ಬೇಡ, ಅಲಕ್ಷ್ಯವೂ ಬೇಡ
(ರೋಗಿಗಳಿಗಾಗಿ ನೀಡಿದ ಆರೋಗ್ಯ ಉಪನ್ಯಾಸ)



ಎದೆನೋವು ಎಂದೊಡನೆ ಎಲ್ಲರಿಗೂ ಹೃದಯಾಘಾತದ ನೆನಪಾಗುತ್ತದೆ. ಆ ಭಯ ತಪ್ಪಲ್ಲ. ಅದೇ ನಿಮ್ಮನ್ನು ಬೇಗ ಆಸ್ಪತ್ರೆಗೆ ಕರೆತರುತ್ತದೆ. ಆದರೆ ಇಸಿಜಿ, ರಕ್ತಪರೀಕ್ಷೆಗಳಾಗಿ ‘ಹೃದಯ ಚೆನ್ನಾಗಿದೆ’ ಎಂದ ಮೇಲೂ ನೋವು ಉಳಿದರೆ, ‘ಡಾಕ್ಟರು ಏನೋ ಮುಚ್ಚಿಡುತ್ತಿದ್ದಾರೆ’ ಎಂಬ ಸಂಶಯ ಹುಟ್ಟುತ್ತದೆ. ಇಂದು ಅಂಥ ಒಂದು ನೋವಿನ ಬಗ್ಗೆ ನಾಲ್ಕು ಮಾತು.

ನಮ್ಮ ಎದೆಗೂಡಿನಲ್ಲಿ 12 ಜೊತೆ ಪಕ್ಕೆಲುಬುಗಳಿವೆ. ಮೇಲಿನ 7 ಜೊತೆಗಳು ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಮೂಳೆಗೆ ಸೇರುತ್ತವೆ. ಈ ಸಂದುಗಳಲ್ಲಿ ಉರಿಯೂತವಾದರೆ ಅದನ್ನು ಕಾಸ್ಟೋಕಾಂಡ್ರೈಟಿಸ್ ಎನ್ನುತ್ತೇವೆ. ಕೆಮ್ಮಿದಾಗ, ಸೀನಿದಾಗ, ಮಗ್ಗುಲು ಬದಲಿಸಿದಾಗ ಚುಚ್ಚಿದಂತಾಗುತ್ತದೆ; ಬೆರಳಿನಿಂದ ಒತ್ತಿದರೆ ನೋಯುತ್ತದೆ. ಭಾರ ಎತ್ತುವುದು, ಬಿಡದ ಕೆಮ್ಮು, ಎದೆಗೆ ಬಿದ್ದ ಪೆಟ್ಟು ಇದಕ್ಕೆ ಕಾರಣವಾಗಬಹುದು. ಅನೇಕರಲ್ಲಿ ಕಾರಣವೇ ತಿಳಿಯುವುದಿಲ್ಲ. ಸಂದಿನ ಮೇಲೆ ಊತವೂ ಇದ್ದರೆ ಅದು ಟೀಟ್ಸೆ ಸಿಂಡ್ರೋಮ್. 1921ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಅಲೆಕ್ಸಾಂಡರ್ ಟೀಟ್ಸೆ ಇದನ್ನು ವಿವರಿಸಿದರು.

ಮೂಟೆ ಹೊರುವ ಹಮಾಲರೊಬ್ಬರು ಹೀಗೆಯೇ ಬಂದಿದ್ದರು. ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಆದರೂ ಮೂರು ವಾರ ಹಾಸಿಗೆ ಬಿಟ್ಟಿರಲಿಲ್ಲ. ಹೆದರಿ ಅರ್ಧ ಉಸಿರನ್ನೇ ಎಳೆಯುತ್ತಿದ್ದರು. ‘ಯಜಮಾನರಿಗೆ ಏನಾದರೂ ಆದರೆ ಮಕ್ಕಳ ಗತಿಯೇನ್ರೀ?’ ಎಂದು ಮನೆಯಾಕೆ ಅತ್ತರು. ಎದೆಮೂಳೆಯ ಪಕ್ಕ ಮೆಲ್ಲಗೆ ಒತ್ತಿದೆ. ‘ಇದೇ ನೋವು, ಸಾಹೇಬ್ರ!’ ಎಂದರು. ನೋವು ಎಲ್ಲಿಂದ ಬರುತ್ತಿದೆಯೆಂದು ಇಬ್ಬರಿಗೂ ತಿಳಿದ ದಿನವೇ ಅರ್ಧ ಭಾರ ಇಳಿಯಿತು. ಆದರೆ ಮತ್ತೆ ಮೂಟೆ ಹೊರಲು ಎರಡು ತಿಂಗಳು ಬೇಕಾಯಿತು.

ನೀವು ಮಾಡಬೇಕಾದದ್ದು:

- ನೋವು ಹೆಚ್ಚಿಸುವ ಕೆಲಸವನ್ನು, ಭಾರ ಎತ್ತುವುದನ್ನು ಕೆಲದಿನ ಬಿಡಿ. ಆದರೆ ಮಲಗಿಯೇ ಇರಬೇಡಿ, ನಿಧಾನವಾಗಿ ಓಡಾಡಿ.
- ಬಟ್ಟೆಯಲ್ಲಿ ಸುತ್ತಿದ ಬಿಸಿನೀರಿನ ಚೀಲದಿಂದ ಹದವಾಗಿ ಶಾಖ ಕೊಡಿ. ಜೋರಾಗಿ ತಿಕ್ಕಿಸಿಕೊಳ್ಳಬೇಡಿ.
- ಕೆಮ್ಮುವಾಗ ಎದೆಗೆ ದಿಂಬು ಒತ್ತಿಕೊಳ್ಳಿ.
- ನೋವಿನ ಗುಳಿಗೆಯನ್ನು ವೈದ್ಯರು ಹೇಳಿದಷ್ಟೇ ದಿನ ನುಂಗಿ. ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ.

ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಕೆಲವರಿಗೆ ತಿಂಗಳುಗಳೇ ಬೇಕು. ನಡುವೆ ನೋವು ಮರುಕಳಿಸಿದರೆ ಧೈರ್ಯಗೆಡಬೇಡಿ. ಬಂಧುಗಳೇ, ‘ರಿಪೋರ್ಟ್ ಸರಿಯಿದೆ, ನಾಟಕ ಬೇಡ’ ಎನ್ನಬೇಡಿ. ಆ ನೋವು ನಿಜವಾದದ್ದು.

ಕೊನೆಯದಾಗಿ, ಒತ್ತಿದರೆ ನೋಯುತ್ತದೆ ಎಂದ ಮಾತ್ರಕ್ಕೆ ಮನೆಯಲ್ಲೇ ‘ಇದು ಹೃದಯದ್ದಲ್ಲ’ ಎಂದು ತೀರ್ಮಾನಿಸಬೇಡಿ. ಎದೆ ಹಿಂಡಿದಂತಾಗುವುದು, ತಣ್ಣನೆಯ ಬೆವರು, ಉಸಿರಾಟದ ತೊಂದರೆ, ತೋಳು ಅಥವಾ ದವಡೆಗೆ ಹರಿಯುವ ನೋವು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಈ ಲಕ್ಷಣಗಳು ಸ್ಪಷ್ಟವಾಗಿ ಕಾಣದೆಯೂ ಇರಬಹುದು. ಜ್ವರ ಬಂದರೆ, ಊತ ಕೆಂಪಾದರೆ ಕೂಡಲೇ ತೋರಿಸಿ.

ಹಳೆಯ ಇಸಿಜಿ ಹಾಳೆಯನ್ನು ಜೋಪಾನವಾಗಿಡಿ, ಬರುವಾಗ ಮರೆಯದೆ ತನ್ನಿ. ಎಲ್ಲರೂ ಬೇಗ ಗುಣವಾಗಿ ಮನೆಗೆ ಮರಳಿರಿ.